ಚಳಿಗಾಲದಲ್ಲಿ ಕಟಿಂಗ್ ಇಟ್ಟರೆ ಬೇರು ಬರುತ್ತಾ, ಇಲ್ಲಾ ಯುಗಾದಿವರೆಗೆ ಕಾಯಬೇಕಾ?

ಬಾಡಿಗೆಮನೆ ಬಾಲ್ಕನಿ (ಬೆಂಗಳೂರು), ಡಿಸೆಂಬರ್ 12

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಮನೆ ಬದಲಾಯಿಸ್ತಿದೀವಿ. ಹೊಸ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಬಾಲ್ಕನಿ ಅಂದ್ರೆ ಬಟ್ಟೆ ಒಣಗಿಸೋಷ್ಟು ಜಾಗ. ದೊಡ್ಡ ಕುಂಡಗಳನ್ನೆಲ್ಲ ಹೊತ್ಕೊಂಡು ಹೋಗೋಕಾಗಲ್ಲ. ಹಾಗಾಗಿ ಒಂದೊಂದರಿಂದಲೂ ಕಟಿಂಗ್ ಮಾಡಿ ಚಿಕ್ಕ ಗಿಡ ಒಯ್ಯೋಣ ಅಂತ. ಮನಿ ಪ್ಲಾಂಟ್, ಕೋಲಿಯಸ್, ದೊಡ್ಡಪತ್ರೆ, ಹಳದಿ ಅಂಚಿನ ಸ್ನೇಕ್ ಪ್ಲಾಂಟ್, ಒಂದು ಝೀಝೀ ಪ್ಲಾಂಟ್ ಇದೆ.

ದೀಪಾವಳಿ ಕಳೆದ ಮೇಲೆ ಮನಿ ಪ್ಲಾಂಟ್ ಕಡ್ಡಿಗಳನ್ನ ಬಾಟಲಿ ನೀರಿಗೆ ಹಾಕಿಟ್ಟೆ. ಎಲೆ ಇನ್ನೂ ಹಸಿರಾಗೇ ಇದೆ, ಕೊಳೆತಿಲ್ಲ, ಆದ್ರೆ ಬೇರಿನ ಸುಳಿವೇ ಇಲ್ಲ. ಇದೇ ಬಳ್ಳಿ ಮುಂಗಾರಿನಲ್ಲಿ ವಾರ ಹತ್ತು ದಿನಕ್ಕೆಲ್ಲ ಬೇರು ಬಿಡ್ತಿತ್ತು. ಯೂಟ್ಯೂಬಲ್ಲಿ ನೋಡಿದ್ರೆ "ಚಳಿಗಾಲದಲ್ಲಿ ಗಿಡ ಮಲಗಿರುತ್ತೆ, ಕತ್ತರಿ ಮುಟ್ಟಬೇಡಿ" ಅಂತಾರೆ. ಗಿಡದ ಅಂಗಡಿಯವರೂ ಯುಗಾದಿ ಕಳೀಲಿ ಅಂದ್ರು. ಯುಗಾದಿ ಹೊತ್ತಿಗೆ ನಾನು ಈ ಮನೇಲೇ ಇರಲ್ಲ. ಏನ್ಮಾಡ್ಲಿ?

ತಾವರೆಕೆರೆ ನರ್ಸರಿ, ಡಿಸೆಂಬರ್ 12

ಮೇಡಂ, ಬಾಟಲಿ ಎಲ್ಲಿಟ್ಟಿದೀರಿ? ಅದನ್ನ ಮೊದಲು ಹೇಳಿ.

ಬಾಡಿಗೆಮನೆ ಬಾಲ್ಕನಿ, ಡಿಸೆಂಬರ್ 12

ಅಡುಗೆಮನೆ ಕಿಟಕಿ ಕಟ್ಟೆ ಮೇಲೆ, ಗ್ರಾನೈಟ್ ಕಲ್ಲು. ಉತ್ತರ ದಿಕ್ಕಿನ ಕಿಟಕಿ. ಒಗ್ಗರಣೆ ವಾಸನೆ ಹೋಗ್ಲಿ ಅಂತ ರಾತ್ರಿ ಒಂದು ಬಾಗಿಲು ತೆಗೆದೇ ಇಟ್ಟಿರ್ತೀನಿ.

ತಾವರೆಕೆರೆ ನರ್ಸರಿ, ಡಿಸೆಂಬರ್ 12

ಸಿಕ್ತಲ್ಲ. ಗಿಡ ಮಲಗಿಲ್ಲ ಮೇಡಂ, ಬುಡ ತಣ್ಣಗಿದೆ ಅಷ್ಟೆ.

ನೀವು ನೋಡಿದ ವಿಡಿಯೋ ಯಾವ ದೇಶದ್ದೋ. ಅಲ್ಲಿ ಹಿಮ ಬೀಳುತ್ತೆ, ಸೂರ್ಯ ಮುಖ ತೋರಿಸೋದೇ ಅಪರೂಪ. ಬೆಂಗಳೂರಲ್ಲಿ ಡಿಸೆಂಬರ್–ಜನವರಿ ಹಗಲು 26–27 ಡಿಗ್ರಿ ಇರುತ್ತೆ. ಮನಿ ಪ್ಲಾಂಟ್‌ಗೆ ಅದು ಚಳೀನೇ ಅಲ್ಲ. ರಾತ್ರಿ ಮಾತ್ರ 15–16ಕ್ಕೆ ಇಳಿಯುತ್ತೆ. ಈ ಜಾತಿಯ ಬೆಚ್ಚಗಿನ ನಾಡಿನ ಗಿಡಗಳು ಬೇರು ಬಿಡೋಕೆ ಬುಡದ ಹತ್ತಿರ 21ರಿಂದ 24 ಡಿಗ್ರಿ ಇದ್ರೆ ಚೆನ್ನ. ನಿಮ್ಮ ಬಾಟಲಿ ರಾತ್ರಿಯೆಲ್ಲ ತೆರೆದ ಕಿಟಕೀಲಿ ತಣ್ಣಗಾಗುತ್ತೆ, ಬೆಳಗ್ಗೆ ಕಲ್ಲು ಬಿಸಿಯಾಗೋ ಹೊತ್ತಿಗೆ ಹತ್ತು ಗಂಟೆ. ಉತ್ತರದ ಕಿಟಕಿ ಬೇರೆ, ಈ ತಿಂಗಳಲ್ಲಿ ಅಲ್ಲಿಗೆ ಒಂದು ಗೀಟೂ ಬಿಸಿಲು ಬರಲ್ಲ, ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ.

ಹಗಲು ಪೂರ್ವ ಅಥವಾ ದಕ್ಷಿಣದ ಕಿಟಕಿ ಹತ್ತಿರ ಇಡಿ, ಬಿಸಿಲು ನೇರ ಬೀಳದ ಹಾಗೆ. ಸಂಜೆ ಆದ್ಮೇಲೆ ಕಿಟಕಿಯಿಂದ ತೆಗೆದು ಒಳಗೋಡೆ ಕಡೆ, ನೆಲಕ್ಕಿಂತ ಎತ್ತರದಲ್ಲಿಡಿ. ಬಾಟಲಿ ಕೆಳಗೆ ಕಲ್ಲು ಬೇಡ, ಮರದ ತುಂಡೋ ಥರ್ಮಾಕೋಲೋ ಇಡಿ. ನೀರು ಬದಲಾಯಿಸುವಾಗ ಬೆಳಗಿನ ನಲ್ಲಿ ನೀರು ಹಾಗೇ ಸುರೀಬೇಡಿ, ಹಿಂದಿನ ರಾತ್ರಿಯೇ ಹಿಡಿದು ಒಳಗಿಟ್ಟದ್ದು ಹಾಕಿ.

ಇನ್ನೊಂದು. ಕಡ್ಡೀಲಿ ಗಿಣ್ಣು ಇದೆ ತಾನೆ? ಆ ಕಂದು ಬಣ್ಣದ ಚಿಕ್ಕ ಗಂಟು ನೀರಿನೊಳಗೆ ಮುಳುಗಿರಬೇಕು. ಬರೀ ಎಲೆ ಮತ್ತು ತೊಟ್ಟು ಹಾಕಿಟ್ರೆ ವರ್ಷಗಟ್ಟಲೆ ಹಸಿರಾಗೇ ಇರಬಹುದು, ಗಿಡ ಆಗಲ್ಲ.

ಕಡಲತಡಿ (ಮಂಗಳೂರು), ಡಿಸೆಂಬರ್ 13

ಎಂತ ಚಳಿಗಾಲ ಮಾರಾಯ್ರೆ! ನಮ್ಮಲ್ಲಿ ಡಿಸೆಂಬರಲ್ಲೂ ರಾತ್ರಿ ಫ್ಯಾನ್ ಬೇಕು. ಮನಿ ಪ್ಲಾಂಟ್ ತುಂಡು ಬಾವಿಕಟ್ಟೆ ಹತ್ತಿರ ಬಿಸಾಡಿದ್ರೆ ಅದು ತೆಂಗಿನಮರ ಹತ್ತುತ್ತದೆ. ನೀವು ಕಡ್ಡಿಯನ್ನೆಲ್ಲ ನನಗೆ ಕಳಿಸಿ, ಬೇರು ಬರಿಸಿ ವಾಪಸ್ ಕಳಿಸ್ತೇನೆ, ಕೊರಿಯರ್ ಖರ್ಚು ನಿಮ್ಮದು.

ತೋಟದ ಮನೆ (ಶಿರಸಿ), ಡಿಸೆಂಬರ್ 13

ಕಡಲತಡಿಯವರಿಗೆ ಘಟ್ಟ ಹತ್ತಿ ಒಮ್ಮೆ ಬಂದು ನೋಡಿ ಅನ್ನಬೇಕಾಗಿದೆ. ಇಲ್ಲಿ ಬೆಳಿಗ್ಗೆ ಎಂಟಾದರೂ ಇಬ್ಬನಿ ಹನಿಯುತ್ತಿರುತ್ತದೆ.

ನಮ್ಮ ಅತ್ತೆಯವರ ಜಾಗ ಹೇಳುತ್ತೇನೆ. ಬಚ್ಚಲ ಹಂಡೆ ಒಲೆಯ ಹಿಂದಿನ ಗೋಡೆ. ಈ ತಿಂಗಳುಗಳಲ್ಲಿ ಒಲೆ ಹೆಚ್ಚುಕಡಿಮೆ ಆರುವುದೇ ಇಲ್ಲ, ಅಡಿಕೆ ಕೊಯ್ಲಿನ ಕಾಲ, ಬಂದವರಿಗೆಲ್ಲ ಬಿಸಿನೀರು ಬೇಕು. ಗೋಡೆಯ ಆಚೆ ಬದಿ, ಹೊಗೆ ತಾಗದ ಕಡೆ, ಒಂದು ಹಲಗೆ ಹಾಕಿದ್ದಾರೆ. ರಾತ್ರಿ ಕೈಯಿಟ್ಟರೆ ಹಿತವಾದ ಬಿಸಿ. ಕ್ರೋಟನ್, ದಾಸವಾಳ, ಕೋಲಿಯಸ್ ಗೆಲ್ಲುಗಳೆಲ್ಲ ಮರಳು ತುಂಬಿದ ಡಬ್ಬಿಗಳಲ್ಲಿ ಅಲ್ಲೇ ಸಾಲಾಗಿ ಕೂತಿರುತ್ತವೆ. ದಾಸವಾಳ ಮಳೆಗಾಲದಲ್ಲಿ ನೆಟ್ಟಷ್ಟು ಸಲೀಸಾಗಿ ಬರುವುದಿಲ್ಲ ನಿಜ, ಅರ್ಧಕ್ಕರ್ಧ ಹೋಗುತ್ತದೆ. ಕೋಲಿಯಸ್ ಮಾತ್ರ ಒಂದೂ ಹುಸಿಯಾಗುವುದಿಲ್ಲ.

ಪೇಟೆಯಲ್ಲಿ ಹಂಡೆ ಒಲೆ ಎಲ್ಲಿಂದ ತರುವುದು ಎಂದು ಕೇಳಬೇಡಿ. ಬಿಸಿ ಬರುವ ಗೋಡೆ ಪ್ರತಿ ಮನೆಯಲ್ಲೂ ಒಂದಿರುತ್ತದೆ, ಹುಡುಕಿ.

ಯುಪಿಎಸ್ ರಾಜ, ಡಿಸೆಂಬರ್ 13

ಇನ್ವರ್ಟರ್ ಮೇಲೆ ಇಡಬಹುದಲ್ವಾ? ನಮ್ಮನೇದು ಸದಾ ಬೆಚ್ಚಗಿರುತ್ತೆ.

ತಾವರೆಕೆರೆ ನರ್ಸರಿ, ಡಿಸೆಂಬರ್ 13

ಅಣ್ಣಾ, ನೀರಿನ ಬಾಟಲಿ ಇನ್ವರ್ಟರ್ ಮೇಲಾ! ಬೇಡವೇ ಬೇಡ. ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್ ಮೇಲೂ ಬೇಡ. ಅವುಗಳ ಮೇಲ್ಗಡೆಯ ಶೆಲ್ಫಲ್ಲಿ ಇಟ್ರೆ ಸಾಕು, ಬಿಸಿ ಮೇಲೇ ಏರುತ್ತೆ. ಫ್ರಿಜ್ ಆದ್ರೆ ಪಕ್ಕದ ತಗಡು ಮುಟ್ಟಿ ನೋಡಿ, ಈಗಿನ ಎಷ್ಟೋ ಮಾಡೆಲಲ್ಲಿ ಬಿಸಿ ಪಕ್ಕದಿಂದಲೇ ಹೊರಗೆ ಬರೋದು. ಆ ಪಕ್ಕಕ್ಕೊಂದು ಸ್ಟೂಲ್ ಹಾಕಿ ಅದರ ಮೇಲಿಡಿ.

ಗೋಳಗುಮ್ಮಟ ಮಂದಿ (ವಿಜಯಪುರ), ಡಿಸೆಂಬರ್ 14

ನಮ್ಮ ಕಡೆ ಕಥಿನ ಬ್ಯಾರೆ ಐತ್ರಿ. ಥಂಡಿ ಬೆಂಗಳೂರಕಿಂತ ಜಾಸ್ತಿ, ಕೆಲವು ರಾತ್ರಿ 10 ಡಿಗ್ರಿ ಹತ್ರ ಬರ್ತದ. ಆದ್ರ ಅದಕಿಂತ ದೊಡ್ಡ ಪೆಟ್ಟು ಒಣ ಹವಾದ್ದು. ತುಟಿ ಹೆಂಗ ಒಡೀತಾವೋ ಹಂಗ ಎಲಿ ಅಂಚೂ ಒಣಗ್ತಾವ. ಕಟಿಂಗಿಗೆ ಬೇರು ಇಲ್ಲ, ನೀರು ಎಳ್ಕೊಳ್ಳಾಕ ಆಗಂಗಿಲ್ಲ, ಎಲಿ ಮಾತ್ರ ನೀರು ಬಿಟ್ಟಗೋತನ ಇರ್ತಾವ. ಹಿಂಗಾಗಿ ಮಣ್ಣಾಗ ಹಚ್ಚಿದ ಟೊಂಗಿ ಮ್ಯಾಲ ಪ್ಲಾಸ್ಟಿಕ್ ಚೀಲ ಮುಸುಕು ಹಾಕ್ರಿ, ಇಲ್ಲಾ ಎರಡು ಲೀಟರ್ ಬಾಟಲಿ ಬುಡ ಕೊಯ್ದು ಡಬ್ಬ ಹಾಕ್ರಿ. ದಿನಾ ಮುಂಜಾನೆ ಒಂದೀಟು ತಗದು ಗಾಳಿ ಆಡಿಸ್ರಿ. ಚೀಲ ಎಲಿಗೆ ತಾಗಬಾರದು, ತಾಗಿದಲ್ಲಿ ಕೊಳೀತದ. ಬಿಸಿಲಾಗಂತೂ ಇಡಬ್ಯಾಡ್ರಿ, ಒಳಗ ಬೆಂದು ಹೋಗ್ತದ.

ದೊಡ್ಡ ಎಲಿ ಇದ್ರ ಅರ್ಧಕ್ಕ ಕತ್ತರಿಸಿ ಬಿಡ್ರಿ. ಜೀವ ಹಿಡಿಯಾಕ ಅಷ್ಟು ಸಾಕು.

ಹೊಸ ಮೊಳಕೆ, ಡಿಸೆಂಬರ್ 14

ಮುಸುಕು ಎಲ್ಲಾ ಗಿಡಕ್ಕೂ ಹಾಕಬಹುದಾ? ನನ್ನ ಹತ್ರ ಜೇಡ್ ಮತ್ತು ಒಂದಿಷ್ಟು ಸಕ್ಯುಲೆಂಟ್ ಇವೆ.

ಗೋಳಗುಮ್ಮಟ ಮಂದಿ, ಡಿಸೆಂಬರ್ 14

ಅವಕ್ಕ ಬ್ಯಾಡ್ರಿ! ದಪ್ಪ ಎಲಿದು, ರಸ ತುಂಬಿದ್ದು ಯಾವದಕ್ಕೂ ಮುಸುಕು ಬ್ಯಾಡ. ಕಡದು ಎರಡು ಮೂರು ದಿನ ನೆಳ್ಳಾಗ ಇಡ್ರಿ, ಗಾಯ ಒಣಗಲಿ, ಆಮ್ಯಾಲ ಒಣ ಮಣ್ಣಾಗ ಹಚ್ರಿ.

ಮಂಜಿನೂರ ಕನ್ನಡತಿ (ಟೊರಾಂಟೊ), ಡಿಸೆಂಬರ್ 15

ಇಷ್ಟೊತ್ತು ಓದ್ತಾ ಇದ್ದೆ. ಆ "ಕತ್ತರಿ ಮುಟ್ಟಬೇಡಿ" ಅನ್ನೋ ಉಪದೇಶ ನಮ್ಮಂಥೋರಿಗೆ ಹೇಳಿದ್ದು. ಇಲ್ಲಿ ಹೊರಗೆ ಹಿಮ, ಒಳಗೆ ಹೀಟರ್, ಹಾಗಾಗಿ ಮನೆಯೊಳಗೆ 21 ಡಿಗ್ರಿ ಆರಾಮಾಗಿ ಇರುತ್ತೆ. ನಮಗೆ ಕೊರತೆ ಬೆಳಕಿಂದು. ಡಿಸೆಂಬರ್ ಕೊನೆಗೆ ಹಗಲು 9 ಗಂಟೆಗೂ ಕಮ್ಮಿ, ಅದರಲ್ಲೂ ಸೂರ್ಯ ನಡುಮಧ್ಯಾಹ್ನ ದಿಗಂತದಿಂದ 23 ಡಿಗ್ರಿ ಮೇಲೆ ಬಂದ್ರೆ ಹೆಚ್ಚು. ಬೆಂಗಳೂರಲ್ಲಿ ಅದೇ ದಿನ 53 ಡಿಗ್ರಿ ಎತ್ತರ, 11 ಗಂಟೆ 20 ನಿಮಿಷಕ್ಕೂ ಹೆಚ್ಚು ಹಗಲು. ಜೂನಲ್ಲಿ ನಿಮ್ಮ ಹಗಲು ಇದಕ್ಕಿಂತ ಒಂದೂವರೆ ಗಂಟೆ ಉದ್ದ ಅಷ್ಟೆ, ಆಗ ಮೋಡವೂ ಇರುತ್ತೆ. ಹಾಗಾಗಿ ನಿಮಗೆ ಬೆಳಕಿನ ಚಿಂತೆ ಬೇಡ, ಬಿಸಿ ನೋಡ್ಕೊಳ್ಳಿ. ನಮಗೆ ಉಲ್ಟಾ. ನಾನು ಗ್ರೋ ಲೈಟ್ ಹಾಕಿ ದಿನಕ್ಕೆ 12–14 ಗಂಟೆ ಉರಿಸ್ತೀನಿ, ಟೈಮರ್ ಇಟ್ಟು.

ಇಲ್ಲಿ ಓದ್ತಿರೋ ಹೊರದೇಶದವರಿಗೆ ಒಂದು ಮಾತು: ಕಿಟಕಿ ಗಾಜಿಗೆ ಎಲೆ ತಾಗಿಸಿ ಇಡಬೇಡಿ, ರಾತ್ರಿ ಗಾಜಿನ ಹತ್ರದ ಗಾಳಿ ಕೋಣೆಗಿಂತ ಬಹಳ ತಣ್ಣಗಿರುತ್ತೆ. ಹೀಟರ್ ಗಾಳಿ ಬರೋ ಕಿಂಡಿ ಮೇಲೂ ಬೇಡ, ಬುಡ ಬಿಸಿಯಾಗುತ್ತೆ ಅಂತ ಆಸೆಗೆ ಇಟ್ರೆ ಒಣಗಿ ಹಪ್ಪಳ. ಬೀಜ ಮೊಳಕೆ ಬರಿಸೋ ಹೀಟ್ ಮ್ಯಾಟ್ ಸಿಗುತ್ತೆ, ಅದನ್ನೇ ತಗೊಳ್ಳಿ.

ಕಡಲತಡಿ, ಡಿಸೆಂಬರ್ 15

ಅಕ್ಕಾ, ಊರಿಂದ ಸಾಂಬ್ರಾಣಿ (ನಿಮ್ಮ ದೊಡ್ಡಪತ್ರೆಯೇ) ಗೆಲ್ಲು ಕೊಂಡುಹೋಗಿದ್ದೀರಾ? ನನ್ನ ತಂಗಿ ಅಲ್ಲೇ ಹತ್ತಿರ ಇರುವುದು, ಬರುವ ತಿಂಗಳು ಹೋಗುವವಳು. ಬ್ಯಾಗಿನಲ್ಲಿ ಬಟ್ಟೆ ಮಧ್ಯೆ ನಾಲ್ಕು ಗೆಲ್ಲು ಇಟ್ಟುಕೊಡುವ ಅಂತ ಅಮ್ಮ ಹಟ ಮಾಡ್ತಿದ್ದಾರೆ.

ಮಂಜಿನೂರ ಕನ್ನಡತಿ, ಡಿಸೆಂಬರ್ 15

ದಯವಿಟ್ಟು ಬೇಡ. ನೆಡೋ ಗಿಡ, ಕಡ್ಡಿ, ಮಣ್ಣು ಇವನ್ನೆಲ್ಲ ವಿಮಾನ ನಿಲ್ದಾಣದಲ್ಲಿ ಹೇಳ್ಲೇಬೇಕು. ಭಾರತದಿಂದ ತರೋಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಎಲ್ಲ ಕೇಳ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ರೆ ಗಿಡವೂ ಹೋಗುತ್ತೆ, ದಂಡವೂ ಬೀಳುತ್ತೆ. ದೊಡ್ಡಪತ್ರೆ ಇಲ್ಲಿಯ ನರ್ಸರಿಗಳಲ್ಲೇ ಕ್ಯೂಬನ್ ಒರೆಗಾನೊ ಅನ್ನೋ ಹೆಸರಲ್ಲಿ ಸಿಗುತ್ತೆ, ಅದೇ ಗಿಡ, ಅದೇ ಘಾಟು. ಒಂದು ಚಿಕ್ಕ ಗಿಡ ತಂದರೆ ಸಾಕು, ಚಳಿಗಾಲಪೂರ್ತಿ ಕಡ್ಡಿ ಮುರಿದು ನೆಟ್ಟು ಊರವರಿಗೆಲ್ಲ ಹಂಚಬಹುದು. ಅಮ್ಮನಿಗೆ ಹೇಳಿ, ತಂಬುಳಿ ತಪ್ಪಲ್ಲ.

ಹೊಸ ಮೊಳಕೆ, ಡಿಸೆಂಬರ್ 16

ಕಡ್ಡಿ ಬುಡಕ್ಕೆ ಜೇನುತುಪ್ಪ, ದಾಲ್ಚಿನ್ನಿ ಪುಡಿ, ಲೋಳೆಸರ ಹಚ್ಚಿದ್ರೆ ಬೇಗ ಬೇರು ಬರುತ್ತಂತೆ. ಹೌದಾ? ಇಲ್ಲಾ ರೂಟಿಂಗ್ ಪೌಡರ್ ತರಬೇಕಾ?

ಬಾಟನಿ ಮೇಷ್ಟ್ರು (ಮೈಸೂರು), ಡಿಸೆಂಬರ್ 16

ನಿವೃತ್ತನಾದ ಮೇಲೂ ಈ ಪ್ರಶ್ನೆ ಬಿಡುವುದಿಲ್ಲವಲ್ಲ! ಬೇರು ಬರಿಸುವ ಕೆಲಸ ಆಕ್ಸಿನ್ ಎಂಬ ಹಾರ್ಮೋನಿನದು. 1928ರಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಗಳ ತುದಿಯಿಂದ ಅದನ್ನು ಅಗಾರ್ ಎಂಬ ಲೋಳೆಯಂಥ ವಸ್ತುವಿನ ತುಂಡಿಗೆ ಇಳಿಸಿ ತೋರಿಸಿದ. ಕುಡಿಯಲ್ಲಿ, ಎಳೆಯ ಎಲೆಗಳಲ್ಲಿ ತಯಾರಾಗಿ ಕೆಳಗಿಳಿಯುತ್ತದೆ. ಕಡ್ಡಿ ಕತ್ತರಿಸಿದಾಗ ಮುಂದೆ ಇಳಿಯಲು ದಾರಿಯಿಲ್ಲದೆ ಕತ್ತರಿಸಿದ ತುದಿಯಲ್ಲಿ ಶೇಖರವಾಗುತ್ತದೆ, ಅಲ್ಲಿ ಬೇರು ಹುಟ್ಟುತ್ತದೆ. ಹಾಗಾಗಿ ಕಡ್ಡಿಯನ್ನು ತಲೆಕೆಳಗಾಗಿ ನೆಡಬಾರದು, ಎಲ್ಲ ಎಲೆಗಳನ್ನೂ ಬೋಳಿಸಬಾರದು.

ಅಂಗಡಿಯ ಪುಡಿಯಲ್ಲಿರುವುದು ಸಾಮಾನ್ಯವಾಗಿ ಐಬಿಎ, ಟಾಲ್ಕಮ್ ಪುಡಿಯಲ್ಲಿ ಬೆರೆಸಿದ ಒಂದು ಬಗೆಯ ಆಕ್ಸಿನ್. ಎಳೆ ಕಾಂಡಕ್ಕೆ 0.1%, ಬಲಿತ ಕಾಂಡಕ್ಕೆ 0.3ರಿಂದ 0.8% ಇರುವುದನ್ನು ಬಳಸುತ್ತಾರೆ. ಮನಿ ಪ್ಲಾಂಟಿಗೆ, ಕೋಲಿಯಸ್‌ಗೆ, ದೊಡ್ಡಪತ್ರೆಗೆ ಅದರ ಅಗತ್ಯವೇ ಇಲ್ಲ. ದಾಸವಾಳ, ಕ್ರೋಟನ್, ಬೋಗನ್‌ವಿಲ್ಲಾದಂಥ ಗಟ್ಟಿ ಕಡ್ಡಿಗಳಿಗೆ ಪ್ರಯೋಜನ ಉಂಟು. ಆದರೆ ಚಳಿಯಲ್ಲಿ ಬುಡ ತಣ್ಣಗಿದ್ದರೆ ಯಾವ ಪುಡಿಯೂ ಏನೂ ಮಾಡಲಾರದು. ದಾಲ್ಚಿನ್ನಿ ಬೂಷ್ಟನ್ನು ಒಂದಿಷ್ಟು ತಡೆದೀತು, ಬೇರು ಬರಿಸುವುದಿಲ್ಲ. ಜೇನನ್ನು ನೀವೇ ತಿನ್ನಿ.

ಬಾಡಿಗೆಮನೆ ಬಾಲ್ಕನಿ, ಡಿಸೆಂಬರ್ 17

ಬಾಟಲಿ ಫ್ರಿಜ್ ಪಕ್ಕದ ಸ್ಟೂಲಿಗೆ ಬಂತು. ಮೇಷ್ಟ್ರೇ, ಸ್ನೇಕ್ ಪ್ಲಾಂಟ್ ಎಲೆ ಅಡ್ಡಡ್ಡ ಕತ್ತರಿಸಿ ನೆಟ್ರೆ ಬರುತ್ತೆ ಅಂತಾರಲ್ಲ, ಈಗ ಮಾಡ್ಲಾ?

ಬಾಟನಿ ಮೇಷ್ಟ್ರು, ಡಿಸೆಂಬರ್ 17

ನಿಮ್ಮದು ಹಳದಿ ಅಂಚಿನದು ಎಂದಿರಿ, ಹಾಗಾಗಿ ಬೇಡ. ಆ ಗಿಡದ ಎಲೆಯಲ್ಲಿ ಹಳದಿ ಅಂಗಾಂಶ, ಹಸಿರು ಅಂಗಾಂಶ ಬೇರೆಬೇರೆ ಪದರಗಳಾಗಿ ಒಟ್ಟಿಗೆ ಬೆಳೆದಿರುತ್ತವೆ. ಎಲೆ ತುಂಡಿನಿಂದ ಹುಟ್ಟುವ ಮರಿ ಒಳಗಿನ ಹಸಿರು ಭಾಗದಿಂದ ಬರುವುದರಿಂದ ಪೂರ್ತಿ ಹಸಿರಾಗಿರುತ್ತದೆ. ಹಳದಿ ಅಂಚು ಉಳಿಯಬೇಕಾದರೆ ಬುಡದ ಗೆಡ್ಡೆಯ ಸಮೇತ ಮರಿಯನ್ನು ಬೇರ್ಪಡಿಸಬೇಕು. ಅದನ್ನು ಚಳಿಗಾಲದಲ್ಲೂ ಮಾಡಬಹುದು. ಗಾಯ ಒಣಗಿಸಿ, ನೆಟ್ಟ ಮೇಲೆ ನೀರು ಎಷ್ಟು ಸಾಧ್ಯವೋ ಅಷ್ಟು ಕಡಿಮೆ.

ಝೀಝೀ ಎಲೆಯಿಂದಲೂ ಗಿಡ ಬರುತ್ತದೆ, ಮೊದಲು ಬುಡದಲ್ಲಿ ಪುಟ್ಟ ಗೆಡ್ಡೆ ಕಟ್ಟಿ ಆಮೇಲೆ ಚಿಗುರು. ತಿಂಗಳುಗಳೇ ಹಿಡಿಯುತ್ತವೆ. ಫೆಬ್ರವರಿಗೆ ನಿಮಗೆ ಸಿಗುವುದಿಲ್ಲ. ಅದನ್ನೂ ಗೆಡ್ಡೆ ಸಮೇತ ಪಾಲು ಮಾಡಿ.

ಮಣ್ಣಿನ ಮಗ, ಡಿಸೆಂಬರ್ 18

ಎಲ್ಲರೂ ಪ್ಲಾಸ್ಟಿಕ್ ಚೀಲ, ಪ್ಲಾಸ್ಟಿಕ್ ಬಾಟಲಿ ಅಂತಿದೀರಿ. ಮಣ್ಣಿನ ಕುಂಡದಲ್ಲಿ ನೆಡಿ, ಬೇರಿಗೆ ಉಸಿರಾಡೋಕೆ ಆಗುತ್ತೆ. ನಮ್ಮ ಹಿರಿಯರು ಪ್ಲಾಸ್ಟಿಕ್ ಕಂಡವರಾ?

ತಾವರೆಕೆರೆ ನರ್ಸರಿ, ಡಿಸೆಂಬರ್ 18

ದೊಡ್ಡ ಗಿಡಕ್ಕೆ ಮಣ್ಣಿನ ಕುಂಡ ನನಗೂ ಇಷ್ಟ. ಚಳಿಯಲ್ಲಿ ಕಟಿಂಗ್‌ಗೆ ಮಾತ್ರ ಬೇಡ ಅಂತೀನಿ. ಬಣ್ಣ ಬಳಿಯದ ಮಣ್ಣಿನ ಕುಂಡದ ಗೋಡೆಯಿಂದ ನೀರು ಆರ್ತಾ ಇರುತ್ತೆ, ಆರುವಾಗ ಒಳಗಿನ ಬಿಸಿ ಎಳ್ಕೊಂಡು ಹೋಗುತ್ತೆ. ಬೇಸಿಗೇಲಿ ಹೂಜಿ ನೀರು ತಣ್ಣಗಾಗೋ ಥರಾನೇ. ಏಪ್ರಿಲಲ್ಲಿ ಅದು ವರ, ಡಿಸೆಂಬರಲ್ಲಿ ಬುಡ ಇನ್ನೂ ತಣ್ಣಗಾಗುತ್ತೆ.

ಗೋಳಗುಮ್ಮಟ ಮಂದಿ, ಡಿಸೆಂಬರ್ 18

ಖರೇ ಐತ್ರಿ. ನಮ್ಮ ಒಣ ಹವಾದಾಗಂತೂ ಇನ್ನಾ ಜಾಸ್ತಿ ತಣ್ಣಗಾಗ್ತದ.

ಮಣ್ಣಿನ ಮಗ, ಡಿಸೆಂಬರ್ 18

ಸರಿ, ಒಪ್ಪಿದೆ. ಆದ್ರೆ ಬೇರು ಬಂದ್ಮೇಲೆ ಮಣ್ಣಿನ ಕುಂಡಕ್ಕೇ ಹಾಕಿ. ಅದನ್ನಂತೂ ಬಿಟ್ಟುಕೊಡಲ್ಲ.

ಹೊಸ ಮೊಳಕೆ, ಡಿಸೆಂಬರ್ 20

ನೆಡೋಕೆ ಏನು ತುಂಬಬೇಕು? ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದೇ ಸಾಕಾ? ನನ್ನ ಕೋಲಿಯಸ್ ಕಡ್ಡಿ ಬುಡ ಕಪ್ಪಾಗಿ ಮೆತ್ತಗಾಗ್ತಿದೆ. ಕಾರ್ಬೆಂಡಜಿಂ ಅನ್ನೋ ಶಿಲೀಂಧ್ರನಾಶಕ ಪುಡಿ ನೀರಿಗೆ ಬೆರೆಸಿ ಹಾಕು ಅಂದ್ರು ಅಂಗಡಿಯವರು.

ತಾವರೆಕೆರೆ ನರ್ಸರಿ, ಡಿಸೆಂಬರ್ 20

ಕೋಕೋಪೀಟ್ ಒಂದೇ ಇದ್ರೆ ಚಳಿಯಲ್ಲಿ ಒಣಗೋದೇ ಇಲ್ಲ, ಬುಡ ಯಾವಾಗ್ಲೂ ಒದ್ದೆ. ಅರ್ಧ ಕೋಕೋಪೀಟ್, ಅರ್ಧ ಪರ್ಲೈಟ್ (ಹಗುರವಾದ ಬಿಳಿ ಹರಳು). ಪರ್ಲೈಟ್ ಇಲ್ದಿದ್ರೆ ದಪ್ಪ ಮರಳು ಅಥವಾ ಸುಟ್ಟು ಕಪ್ಪಾದ ಭತ್ತದ ಹೊಟ್ಟು. ಕೋಕೋಪೀಟನ್ನ ಎರಡು ಮೂರು ನೀರಲ್ಲಿ ತೊಳೀರಿ, ಅದರಲ್ಲಿ ಉಪ್ಪಿನಂಶ ಇರುತ್ತೆ. ಮುಷ್ಟಿಯಲ್ಲಿ ಹಿಂಡಿದ್ರೆ ಒಂದೆರಡು ಹನಿ ಬೀಳೋಷ್ಟು ಪಸೆ ಸಾಕು.

ಬಾಟನಿ ಮೇಷ್ಟ್ರು, ಡಿಸೆಂಬರ್ 20

ಬುಡ ಕಪ್ಪಾಗಿ ನೀರು ನೀರಾಗುವುದು ಹೆಚ್ಚಾಗಿ ಪಿಥಿಯಂ ಎಂಬ ಸೂಕ್ಷ್ಮಜೀವಿಯ ಕೆಲಸ. ನೋಡಲು ಶಿಲೀಂಧ್ರದಂತಿದ್ದರೂ ಅದರ ಕುಲ ಬೇರೆ, ಕಾರ್ಬೆಂಡಜಿಂ ಅದಕ್ಕೆ ತಾಗುವುದಿಲ್ಲ. ವಿಷ ಸುರಿದು ಪ್ರಯೋಜನವಿಲ್ಲ. ಕಪ್ಪಾದ ಭಾಗಕ್ಕಿಂತ ಮೇಲೆ, ಹಸಿರು ಕಾಂಡ ಕಾಣುವ ತನಕ ಶುದ್ಧವಾದ ಬ್ಲೇಡಿನಲ್ಲಿ ಕತ್ತರಿಸಿ ಹೊಸ ನೀರಿಗೋ ಹೊಸ ಮಿಶ್ರಣಕ್ಕೋ ಹಾಕಿ. ಹಳೆಯ ಮಿಶ್ರಣವನ್ನು ಮತ್ತೆ ಬಳಸಬೇಡಿ.

ಕೋಲಿಯಸ್ ಈ ಕಾಲದಲ್ಲಿ ಹೂದೆನೆ ಬಿಡುತ್ತದೆ, ಹಗಲು ಮೋಟಾದ್ದರಿಂದ. ಹೂ ಬಿಟ್ಟ ಕೊಂಬೆಯನ್ನು ಆರಿಸಬೇಡಿ, ಬರೀ ಎಲೆಯ ಕುಡಿಯನ್ನು ತೆಗೆದುಕೊಳ್ಳಿ. ಅಂಥದ್ದು ಸಿಗದಿದ್ದರೆ ತೆನೆಯನ್ನು ಚಿವುಟಿ ಹಾಕಿ ನೆಡಿ.

ತೋಟದ ಮನೆ, ಡಿಸೆಂಬರ್ 21

ದೊಡ್ಡಪತ್ರೆಯನ್ನು ನೀರಿನಲ್ಲಿಡುವ ಗೋಜೇ ಬೇಡ. ನಾಲ್ಕು ಬೆರಳುದ್ದದ ಕುಡಿ ಮುರಿದು, ಕೆಳಗಿನ ಎಲೆ ಚಟ್ನಿಗೆ ಹಾಕಿ, ಅರ್ಧ ದಿನ ನೆರಳಲ್ಲಿ ಬಾಡಲು ಬಿಟ್ಟು ನೇರ ಮಣ್ಣಿಗೆ ಊರಿ. ನೀರು ಕೈ ಬಿಗಿ ಹಿಡಿದು ಹಾಕಿ. ಈ ಚಳಿಯಲ್ಲಿ ಅದು ಸತ್ತರೆ ನೀರು ಹೆಚ್ಚಾಗಿ ಸತ್ತಿತೆಂದೇ ಲೆಕ್ಕ.

ಬಾಡಿಗೆಮನೆ ಬಾಲ್ಕನಿ, ಜನವರಿ 6

ಸಮಾಚಾರ: ಮನಿ ಪ್ಲಾಂಟ್ ಗಿಣ್ಣಲ್ಲಿ ಬಿಳಿ ಬೇರು ಬಂತು! ಎರಡು ಕಡ್ಡೀಲಿ ಉದ್ದ ಬೇರೇ ಇಳಿದಿದೆ. ಕೋಲಿಯಸ್ ಅದಕ್ಕಿಂತ ಮೊದಲೇ ಬಿಡ್ತು. ದೊಡ್ಡಪತ್ರೆ ತುದೀಲಿ ಹೊಸ ಎಲೆ ಇದೆ. ಸ್ನೇಕ್ ಪ್ಲಾಂಟ್ ಮರಿ ಸುಮ್ಮನೆ ನಿಂತಿದೆ, ಬದುಕಿದೆಯೋ ಇಲ್ವೋ ಹೇಳೋಕಾಗ್ತಿಲ್ಲ. ಈಗ ಮಣ್ಣಿಗೆ ಯಾವಾಗ ಹಾಕ್ಲಿ? ಫೆಬ್ರವರಿವರೆಗೆ ಬಾಟಲೀಲೇ ಇಟ್ಟು ಹೊಸ ಮನೇಲಿ ನೆಟ್ರೆ?

ತಾವರೆಕೆರೆ ನರ್ಸರಿ, ಜನವರಿ 6

ಬೇರು ಒಂದರಿಂದ ಎರಡು ಇಂಚು ಆಗಿ, ಅದಕ್ಕೆ ಪಕ್ಕದ ಸಣ್ಣ ಬೇರು ಕವಲೊಡೆದ್ರೆ ನೆಟ್ಟುಬಿಡಿ. ಕಾಯಬೇಡಿ. ನೀರಲ್ಲೇ ಬೆಳೆದ ಉದ್ದ ಬೇರು ಮಣ್ಣಿಗೆ ಹಾಕುವಾಗ ಮುರಿಯುತ್ತೆ, ಮುರೀದಿದ್ರೂ ಮಣ್ಣಿಗೆ ಒಗ್ಗೋಕೆ ತಡ ಮಾಡುತ್ತೆ. ಮೊದಲ ಎರಡು ವಾರ ಮಣ್ಣಿನ ಪಸೆ ಆರೋಕೆ ಬಿಡಬೇಡಿ, ಆಮೇಲೆ ಮಾಮೂಲಿ. ಸಂಕ್ರಾಂತಿಗೆ ನೆಟ್ರೆ ಮನೆ ಬಿಡೋ ಹೊತ್ತಿಗೆ ಕುಂಡದಲ್ಲಿ ಕೂತಿರುತ್ತೆ. ಮೂರ್ನಾಲ್ಕು ಕಡ್ಡಿ ಒಂದೇ ಕುಂಡಕ್ಕೆ ಹಾಕಿ, ತುಂಬಿದ ಹಾಗೆ ಕಾಣುತ್ತೆ.

ಸ್ನೇಕ್ ಪ್ಲಾಂಟ್ ಸುಮ್ಮನೆ ನಿಂತಿದ್ರೆ ಚೆನ್ನಾಗಿದೆ ಅಂತ. ಮೆತ್ತಗಾದ್ರೆ ಮಾತ್ರ ಹೇಳಿ. ಅಗೆದು ನೋಡಬೇಡಿ!

ಮನೇಲಿ ಬೆಕ್ಕು ನಾಯಿ ಇದ್ರೆ ಮನಿ ಪ್ಲಾಂಟ್ ಎತ್ತರದಲ್ಲಿಡಿ, ಅದರ ರಸ ಬಾಯಿ ಉರಿಸುತ್ತೆ.

ಯುಪಿಎಸ್ ರಾಜ, ಜನವರಿ 7

ಅಣ್ಣಾ, ಈ ಚಳೀನೇ ಇಷ್ಟಪಡೋ ಕಟಿಂಗ್ ಯಾವ್ದೂ ಇಲ್ವಾ? ಲಾಲ್‌ಬಾಗ್ ಫ್ಲವರ್ ಶೋ ಬರ್ತಿದೆ, ಏನಾದ್ರೂ ತರೋಣ ಅಂತ.

ತಾವರೆಕೆರೆ ನರ್ಸರಿ, ಜನವರಿ 7

ಜೆರೇನಿಯಂ ತನ್ನಿ. ಮಳೆಗಾಲದಲ್ಲಿ ಅದರ ಕಡ್ಡಿ ಕೊಳೆತು ಗೋಳು ಹುಯ್ಕೊಳ್ಳುತ್ತೆ, ಈ ಒಣ ಚಳೀಲಿ ಹಾಯಾಗಿ ಬೇರು ಬಿಡುತ್ತೆ. ಮುಸುಕು ಹಾಕಬೇಡಿ. ಅರ್ಧ ದಿನದ ಬಿಸಿಲು ಬರೋ ಜಾಗ ಆದ್ರೆ ಒಳ್ಳೇದು. ಸೇವಂತಿಗೆ ಹೂ ಮುಗಿದ ಗಿಡ ಇದ್ರೆ ಎಸೀಬೇಡಿ, ಬುಡದಲ್ಲಿ ಏಳೋ ಮರಿ ಕಿತ್ತು ನೆಡಿ.

ಬಾಡಿಗೆಮನೆ ಬಾಲ್ಕನಿ, ಜನವರಿ 9

ಕೊನೇ ಪ್ರಶ್ನೆ, ಬೈಬೇಡಿ. ಹಳೇ ಮನಿ ಪ್ಲಾಂಟ್ ತಾಯಿ ಬಳ್ಳೀನ ಓನರ್ ಆಂಟಿ ಕೇಳ್ತಿದ್ದಾರೆ. ಕೊಡೋಕೆ ಬೇಜಾರಿಲ್ಲ, ಆದ್ರೆ ಇನ್ನೂ ನಾಲ್ಕು ಕಟಿಂಗ್ ತಗೊಂಡ್ರೆ ಬಳ್ಳಿ ಬೋಳಾಗುತ್ತೆ. ಬೋಳು ಬಳ್ಳಿ ಕೊಟ್ರೆ ಅಡ್ವಾನ್ಸ್ ಹಣದಲ್ಲಿ ಹಿಡ್ಕೊಂಡ್ರೆ?

ತೋಟದ ಮನೆ, ಜನವರಿ 9

ಹಿಡಿದುಕೊಂಡರೆ ಬಣ್ಣ ಬಳಿಸಿದ ಲೆಕ್ಕಕ್ಕೆ ಹಿಡಿದುಕೊಳ್ಳುತ್ತಾರೆ, ಬಳ್ಳಿಯ ಲೆಕ್ಕಕ್ಕಲ್ಲ. ಧೈರ್ಯವಾಗಿ ಕತ್ತರಿಸಿ. ಬುಡದಲ್ಲಿ ಮೂರು ನಾಲ್ಕು ಗಿಣ್ಣು, ಒಂದೆರಡು ಎಲೆ ಉಳಿಸಿ. ಶಿವರಾತ್ರಿ ಕಳೆದು ಬಿಸಿಲೇರಿದ ಕೂಡಲೇ ಉಳಿದ ಗಿಣ್ಣುಗಳಿಂದ ಚಿಗುರು ಬರುತ್ತದೆ, ಮುಂಚಿಗಿಂತ ಪೊದೆಯಾಗಿ. ಆಂಟಿಗೆ ನೀರು ಕಮ್ಮಿ ಹಾಕಲು ಹೇಳಿ ಹೋಗಿ.